ಅಳತೆ

ಇಪ್ಪತ್ತೆರಡು ವರ್ಷ ಚೆಂಬೂರಿನ ಪರ್ಮಿಟ್ ರೂಮಿನ
ಗಲ್ಲೆಯಲ್ಲಿ ಕೂತವನು ನಾನು.
ಯಾರಿಗೆ ಸಾಕಾಯಿತೆಂದು
ಗ್ಲಾಸು ಕೆಳಗಿಡುವ ಸದ್ದೇ ಹೇಳುತ್ತದೆ.

ಇಂದು ರಜೆ. ಮಗಳಿಗೆ ಹದಿನಾರು.
ಭಾಂಡುಪ್‌ನ ಈ ಒಂದೂವರೆ ಕೋಣೆಯ ಹೊರಗೆ
ಹನ್ನೊಂದು ಜೊತೆ ಬೂಟು;
ಬರುವವರು ಒಂಬತ್ತು ಅಂದಿದ್ದಳು.

'ಅಪ್ಪ, ನೀವು ಅಡುಗೆಮನೆ ಬಿಟ್ಟು ಬರಬಾರದು.'
ಆಯಿತು. ಬಾಗಿಲು ಮಾತ್ರ ತೆರೆದೇ ಇರುತ್ತದೆ.
ನೀರುದೋಸೆ ಹೊಯ್ಯುತ್ತಾ
ಕಿವಿಯನ್ನು ಹೊರಕೋಣೆಯಲ್ಲಿ ಬಿಟ್ಟಿದ್ದೇನೆ.

ತನಿಷ್ಕ್ ಗಾವಡೆ ತಂದ ಕೋಲಾ ಬಾಟಲಿಯ
ಬಣ್ಣ ಎರಡು ಪೆಗ್ಗಿನಷ್ಟು ತೆಳು.
'ಕೊಡಪ್ಪಾ, ಫ್ರಿಜ್ಜಿನಲ್ಲಿಡ್ತೇನೆ' ಎಂದೆ.
ಕೊಟ್ಟ, ಕಣ್ಣು ತಪ್ಪಿಸಿ.
ಅವನ ತಟ್ಟೆಗೆ ಎರಡು ದೋಸೆ ಹೆಚ್ಚಿಗೆ ಹಾಕಿದೆ.

ಹನ್ನೊಂದಕ್ಕೆ ಎಲ್ಲರನ್ನೂ ರಿಕ್ಷಾ ಹತ್ತಿಸಿ
ನಂಬರುಗಳನ್ನು ಗ್ಯಾಸ್ ಬಿಲ್ಲಿನ ಹಿಂದೆ ಗೀಚಿದೆ.
ಕೊನೆಗೆ ಉಳಿದವನು ಅವನೇ: 'ಆಯಿಗೆ ಹೇಳ್ತೀರಾ, ಅಂಕಲ್?'
'ನೀನೇ ಹೇಳು. ನಾಳೆ ಸಂಜೆವರೆಗೆ ಕಾಯ್ತೇನೆ.'

ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದೆ.
ಅಳತೆ ನೋಡದೆ ಸುರಿದದ್ದು ಇದೇ ಮೊದಲು.
ಮಗಳು ಕಾವಲಿ ಉಜ್ಜುತ್ತಾ
ತಲೆ ಎತ್ತದೆ ಕೇಳಿದಳು:
'ಬಾರಿನಲ್ಲೂ ಹೀಗೇ ಇಸಿದುಕೊಳ್ತೀರಾ,
ಕುಡಿದು ಬೈಕು ಹತ್ತೋರ ಹತ್ತಿರ?'

ನಾನು ನಲ್ಲಿ ತಿರುಗಿಸಿದೆ,
ಹನ್ನೊಂದರ ಮೇಲೆ ಈ ಮಾಳಿಗೆಗೆ
ನೀರು ಬರುವುದಿಲ್ಲ ಎಂದು ಗೊತ್ತಿದ್ದೂ.