ಸಮಕ್ಷಮ

ಕೋರ್ಟಿನ ಹಿಂಬದಿ, ಜೆರಾಕ್ಸ್ ಅಂಗಡಿಗೆ ಆತು
ಮಡಚುವ ಮೇಜೊಂದು, ಕುರ್ಚಿ ಒಂದೂವರೆ,
ಬೆನ್ನು ಮುರಿದ ಆ ಅರ್ಧ ಕಕ್ಷಿದಾರರಿಗೆ.
ತಗಡಿನ ಬೋರ್ಡು: ಎನ್. ಗಾದಿಲಿಂಗಪ್ಪ, ನೋಟರಿ, ಬಳ್ಳಾರಿ.
ಹದಿನಾಲ್ಕು ವರ್ಷದಿಂದ ನಾನು ಕುಟ್ಟುವ ರಬ್ಬರಿಗೆ
ಬರುವುದು ಒಂದೇ ಮಾತು:
ನನ್ನ ಸಮಕ್ಷಮ ಪ್ರಮಾಣ ಮಾಡಿ ಸಹಿ ಹಾಕಿರುತ್ತಾರೆ.

ಸಮಕ್ಷಮ ಅಂದರೆ ಕಣ್ಣೆದುರು.
ಕಣ್ಣೆದುರು ದಿನಾ ಇರುವುದು ಗುಡ್ಡ ಒಂದೇ,
ಹತ್ತು ಗಂಟೆಗೇ ಕಾದ ಹೆಂಚು.
ಮನುಷ್ಯರು ಬರುವುದಿಲ್ಲ. ಅವರ ಕಾಗದಗಳು ಬರುತ್ತವೆ,
ಏಜೆಂಟ್ ವಲಿಯ ಕಂಕುಳಲ್ಲಿ, ಬೆವರಿಗೆ ಮೆತ್ತಗಾಗಿ.
ಗ್ಯಾಸ್ ಪುಸ್ತಕ ಕಳೆದವರು, ಹುಟ್ಟಿದ ತಾರೀಖು ಇಲ್ಲದವರು,
ಬದುಕಿದ್ದೇನೆ ಎಂದು ಬರೆದುಕೊಟ್ಟವರು.
ಅವರು ಬದುಕಿದ್ದನ್ನು ನಾನು ಕಂಡಿಲ್ಲ.
ಕುಟ್ಟಿದ್ದೇನೆ.

ಆವತ್ತು ಶುಕ್ರವಾರ, ಒಂದೂ ಹತ್ತು. ಡಬ್ಬಿ ತೆರೆದಿದ್ದೆ:
ಎರಡು ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಪುಡಿ.
ಬೆನ್ನಿಲ್ಲದ ಕುರ್ಚಿಯಲ್ಲಿ ಯಾರೋ ಕೂತರು.
ಮೊದಲು ಕಂಡದ್ದು ಕೈ,
ಮೊಣಕೈವರೆಗೂ ನೀಲಿ.
ಜೀನ್ಸ್ ತೊಳೆಯುವ ಯೂನಿಟ್ಟು, ಒಂಬತ್ತು ವರ್ಷ;
ಬಣ್ಣ ಬಿಟ್ಟದ್ದು ಪ್ಯಾಂಟು, ಹಿಡಿದದ್ದು ಈಕೆ.
ನೀನೇಕೆ, ನಾನೇ ಮಾಡಿಸ್ತೀನಿ ಅಂತ ವಲಿ ಅಂದರೂ
ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು.

ಹರಕೆಯ ಹೆಸರು. ಹೊನ್ನೂರಸ್ವಾಮಿ ಕೊಟ್ಟ ಕೂಸಂತ
ಅವ್ವ ಹೊನ್ನೂರಮ್ಮ ಅಂದಳು.
ಪಕ್ಕದ ಮನೆಯಲ್ಲಿ ಹಾಲು ಕುಡಿಸಿದ ಚಾಚಿ
ಹೊನ್ನೂರ್‌ಬೀ ಅಂದಳು.
ರೇಷನ್ ಕಾರ್ಡು ಬರೆಯುವವ ಬಂದ ದಿನ
ಬಾಗಿಲಲ್ಲಿ ಇದ್ದದ್ದು ಚಾಚಿ.
ಪಿ.ಎಫ್. ಆಫೀಸಿನವರಿಗೆ ಈಗ ಇಬ್ಬರು ಹೆಂಗಸರು,
ನಲವತ್ತೊಂದು ಸಾವಿರ ಮಾತ್ರ ಒಂದೇ.

ಮೇಲ್ಕಂಡ ಎರಡೂ ಹೆಸರು ನನ್ನವೇ ಎಂದು
ಟೈಪಾಗಿತ್ತು. ಮುದ್ರೆ ಎತ್ತಿದೆ.
"ತಡೀರಿ ಸಾರ್," ಅಂದಳು.
"ಪ್ರಮಾಣ ಮಾಡಿ ಹೇಳ್ತೀನಿ ಅಂತ ಐತಂತೆ ಇದ್ರಾಗೆ,
ಮಗ್ಳು ಓದಿ ಹೇಳಿದ್ಲು.
ನಾನಿನ್ನಾ ಮಾಡಿಲ್ಲಲ್ಲ.
ಏನ್ ಮುಟ್ಟಿ ಮಾಡ್ಬೇಕು?"

ಹದಿನಾಲ್ಕು ವರ್ಷ. ಯಾರೂ ಕೇಳಿರಲಿಲ್ಲ.
ಮೇಜಿನ ಮೇಲೆ ಹುಡುಕಿದೆ: ಗೋಂದಿನ ಬಾಟಲಿ, ರಿಜಿಸ್ಟರು,
ಟಿಕೇಟಿನ ಹಾಳೆ, ಹಲ್ಲಿಲ್ಲದ ಸ್ಟೇಪ್ಲರು.
"ಸುಮ್ಮನೆ ಹೇಳಮ್ಮ, ಸಾಕು."
"ಸುಮ್ನೆ ಹೇಳಿದ್ರೆ ಮಾತು ಸಾರ್, ಆಣೆ ಹೆಂಗಾಗ್ತೈತೆ?"
ಗುಡ್ಡದ ಕಡೆ ನೋಡಿದಳು; ದೂರ ಆಯಿತೇನೋ.
ಆಮೇಲೆ, ಕೇಳದೆಯೇ,
ನನ್ನ ಡಬ್ಬಿಯ ಅಂಚಿಗೆ ಕೈ ಇಟ್ಟಳು.

"ಅನ್ನದ ಆಣೆ. ಅಮ್ಮ ಅಂದ್ರೂ ತಿರುಗ್ತೀನಿ,
ಬೀ ಅಂದ್ರೂ ತಿರುಗ್ತೀನಿ. ತಿರುಗೋಳು ಒಬ್ಳೇ.
ಸುಳ್ಳಾದ್ರೆ ಇದು ನನ್ನ ಗಂಟ್ಲಾಗೆ ಇಳೀಬಾರ್ದು."
ಇದು ಅಂದರೆ ನನ್ನ ರೊಟ್ಟಿ.

ಇಂಕಿನ ಪ್ಯಾಡು ಚಾಚಿದೆ. ಬ್ಲೀಚು ಗೆರೆ ತಿಂದ ಹೆಬ್ಬೆಟ್ಟು
ಕಾಗದದ ಮೇಲೆ ಒಂದು ನೀಲಿ ಅವರೆಕಾಳು, ಅಷ್ಟೇ.
ಕುಟ್ಟಿದೆ. ಸಮಕ್ಷಮದ ಮಸಿ ಒಣಗುವವರೆಗೆ ಊದಿದಳು
ಬಿಸಿ ಗಂಜಿಗೆ ಊದಿದ ಹಾಗೆ.
ಚಿಲ್ಲರೆ ಎಣಿಸಿಟ್ಟು ಹೋದಳು.

ಎರಡೂವರೆಗೆ ವಲಿ ಬಂದ. ಹನ್ನೊಂದು ಕಾಗದ,
ಮುಂಡ್ರಿಗಿ ಕಡೆಯವು.
"ಎಲ್ಲಿ ಇವರು?" ಅಂದೆ.
"ಎಲ್ಲಿ ಅಂದ್ರೆ? ಅವರವರ ಮನೇಲಿ."
ನನ್ನ ಮುಖ ನೋಡಿದ. "ಜ್ವರ ಏನ್ ಸಾರ್?"

ರೊಟ್ಟಿ ಒಂದು ಹಾಗೇ ಉಳಿದಿತ್ತು.
ಡಬ್ಬಿಯ ಅಂಚಿಗೆ ನಾಲ್ಕು ಬೆರಳಿನ ನೀಲಿ.
ಮುಚ್ಚಳ ಹಾಕಿ, ಮೇಜಿನ ಕೆಳಗೆ,
ಕಾಲಿನ ಹಿಂದಕ್ಕೆ ಸರಿಸಿ,
ಹನ್ನೊಂದಕ್ಕೂ
ಕುಟ್ಟಿದೆ.