ಹುಳಿ ಪಾವು

ಸೋಮವಾರ ಮಧ್ಯಾಹ್ನ ಬಾಂಬೋಳಿಯಲ್ಲಿ ರಿಪೋರ್ಟು.
ಇವತ್ತಿನ್ನೂ ಶುಕ್ರವಾರ.
ಎಡ ಕಂಕುಳ ಕೆಳಗೆ ಜಾಯಿಕಾಯಿಯಷ್ಟು ಗಂಟು,
ಸೂಜಿ ಅದರಿಂದ ಹೀರಿಕೊಂಡದ್ದು ಎರಡು ಹನಿ.
ಆ ಎರಡು ಹನಿಯಲ್ಲಿ ಯಾವ ದೋಣಿ ಮುಳುಗುವುದೋ.

ಮುಳುಗಿದರೂ ಮೈದಾ ನಾದಬೇಕು,
ಕೋಡಿಬಾಗಕ್ಕೆ ಬೆಳಿಗ್ಗೆ ಪಾವು ಬೇಕು.
ಮೊಣಕೈವರೆಗೆ ಹಿಟ್ಟಾಗಿ ನಿಂತು
ಜಪಮಣಿಯ ಬದಲು ಲೆಕ್ಕ ಎಣಿಸುತ್ತೇನೆ:
ಆಪರೇಷನ್ನಿಗೆ ಇಷ್ಟು, ಭಟ್ಟಿಯ ಸೌದೆ ಬಾಕಿ ಇಷ್ಟು,
ರೆಜಿನಾಳಿಗೆ ಶಾಲೆಗೆ ಜಡೆ ಹಾಕುವವರು ಯಾರು?
ಅವಳಪ್ಪ ಬಲೆ ಹೆಣೆದಾನು,
ಮಗಳ ಮೂರು ಎಳೆ ಅವನ ಕೈಯಲ್ಲಿ ಗಂಟಾಗುತ್ತದೆ.

ದೇವರೇ, ನಿನ್ನ ಹತ್ತಿರ ಚೌಕಾಸಿಯೂ ಆಯಿತು.
ಹತ್ತು ಮೇಣದಬತ್ತಿ ಅಂದೆ. ಆಮೇಲೆ ಇಪ್ಪತ್ತು.
ಮೀನುಪೇಟೆಯಲ್ಲಿ ಇಸ್ವಣದ ಬುಟ್ಟಿ ಮುಂದೆ ಕೂತವಳೂ
ಇಷ್ಟು ಹೊತ್ತು ಸುಮ್ಮನಿರುವುದಿಲ್ಲ.
ನೀನು ಸುಮ್ಮನಿದ್ದೆ.

ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಮಲಗಿದೆ.
ಮಲಗಿದ್ದೆಲ್ಲಿ,
ಹನ್ನೊಂದೂವರೆಗೆ ಎದ್ದು ಬಟ್ಟೆ ಎತ್ತಿ ನೋಡಿದೆ.
ಹನ್ನೆರಡೂ ಹತ್ತಕ್ಕೆ ಮತ್ತೆ.
ಕಾಳಿಯ ಮೇಲೆ ರೈಲು ಗುಡುಗಿ ಹೋದಾಗ ಇನ್ನೊಮ್ಮೆ.
ಅತ್ತೆ ಇದ್ದಾಗ, ಆಂಜೆಲಿನ್ ಮಾಯ್,
ಬಟ್ಟೆ ಎತ್ತುವ ಈ ಕೈಗೆ ಸೌಟಿನ ಹಿಡಿಯಿಂದ ಹೊಡೆಯುತ್ತಿದ್ದಳು:
"ಎಂತಕ್ಕೆ ಇಣುಕ್ತೀ? ಕಳ್ಳು ಹಾಕಿದ್ದು ನೀನು, ಸರಿ.
ಉಬ್ಬಿಸೋದೂ ನೀನೇ ಅಂದ್ಕಂಡ್ಯಾ?
ಗಾಳಿ ತಾಗಿದ್ರೆ ಹಿಟ್ಟು ಹೆದರ್ತದೆ. ಮುಚ್ಚು."
ಓದು ಬಾರದವಳು. ಪಾದ್ರಿಯ ಪ್ರವಚನ
ಅರ್ಧ ಗಂಟೆಯಲ್ಲಿ ತಲುಪದ ಜಾಗವನ್ನು
ಸೌಟು ಒಂದೇ ಏಟಿಗೆ ತಲುಪುತ್ತಿತ್ತು.
ನಾನಾಗ ಮುಚ್ಚುತ್ತಿದ್ದೆ;
ಅವಳು ಬೆನ್ನು ತಿರುಗಿಸಿದರೆ ಎತ್ತುತ್ತಿದ್ದೆ.

ನಂಬುವುದು ಹೇಗೆ, ನೀನೇ ಹೇಳು.
ನಲವತ್ತು ವರ್ಷ ಬಸ್ಸು ಹೊತ್ತ ಹಳೇ ಸೇತುವೆಯನ್ನೂ ನಂಬಿದ್ದೆವು.
ನನ್ನ ದಿಬ್ಬಣ ಅದರ ಮೇಲೆ ಬಂತು,
ಗೋವೆಯ ಆಸ್ಪತ್ರೆಯಿಂದ ಮಾಯಿಯನ್ನು ಅದರ ಮೇಲೇ ತಂದೆವು.
ಒಂದು ರಾತ್ರಿ, ನಾವು ಮಲಗಿದ್ದಾಗ,
ಅದೂ ನದಿಯಲ್ಲಿ ಮಲಗಿಬಿಟ್ಟಿತು.
ನೀನು ಸೇತುವೆಯಲ್ಲ, ಗೊತ್ತು.
ಗೊತ್ತಿರುವುದು ಬೇರೆ, ಕಾಲಿಡುವುದು ಬೇರೆ.

ಭಾನುವಾರ ರಾತ್ರಿ ಲೆಕ್ಕವೂ ಮುಗಿಯಿತು, ಪ್ರಾರ್ಥನೆಯೂ.
ಒಳ್ಳೆಯ ಮಾತೊಂದೂ ಬಾಯಲ್ಲಿ ಉಳಿದಿರಲಿಲ್ಲ.
"ನನಗೆ ಸಾಕಾಗಿದೆ. ನೀನು ಹೇಗೂ ಎಚ್ಚರ ಇರ್ತೀಯಲ್ಲ" ಅಂದೆ,
ಮಗುವನ್ನು ಪಕ್ಕದ ಮನೆಯವಳ ಮಡಿಲಿಗೆ ಹಾಕಿ
ಬಾವಿಗೆ ಹೋಗುವವಳ ಹಾಗೆ.
ಬಟ್ಟೆ ಮುಚ್ಚಿದೆ.

ಎದ್ದಾಗ ಆರು ಗಂಟೆ!
ಹೊರಗೆ ಸೈಕಲ್ಲಿನ ಸಾಂತಾನ ಪೊಂವ್ ಪೊಂವ್ ಒತ್ತುತ್ತಿದ್ದಾನೆ.
ಹಿಟ್ಟು ಬಟ್ಟೆಯನ್ನೇ ತಲೆಯ ಮೇಲೆ ಹೊತ್ತು
ಹರಿವಾಣ ದಾಟಿ, ಮೇಜು ದಾಟಿ, ನೆಲ ಮುಟ್ಟಿದೆ.
ಇಪ್ಪತ್ತೊಂದು ದಿನದಲ್ಲಿ ಮೊದಲ ನಿದ್ದೆ,
ಆರು ಕಿಲೋ ಮೈದಾದ ಬೆಲೆಗೆ.
ನಕ್ಕೆ. ಎಷ್ಟು ಜೋರಾಗಿ ಅಂದರೆ
ರೆಜಿನಾ ಎದ್ದು ಬಂದು ಹೆದರಿ ನೋಡಿದಳು.
ಉಳಿದಷ್ಟನ್ನು ಸುಟ್ಟೆವು. ಹುಳಿ, ಮಹಾ ಹುಳಿ.
ಸಾಂತಾನ ಒಂದು ಕಚ್ಚಿ, ಮುಖ ಕಿವುಚಿ,
"ಅರ್ಧ ರೇಟಿಗೆ ಆದ್ರೆ ಕೊಡಿ ಬಾಯಿ" ಎಂದು ಒಯ್ದ.

ಈಗ ಒಂಬತ್ತರ ಬಸ್ಸು ಹೊಸ ಸೇತುವೆ ಹತ್ತಿದೆ.
ಕಿಟಕಿಯಲ್ಲಿ ಹಳೆಯದರ ಮೊಂಡು ಕಂಬಗಳು.
ಒಂದರ ನೆತ್ತಿಯಲ್ಲಿ ನೀರುಕಾಗೆ
ರೆಕ್ಕೆ ಹರವಿ ಒಣಗಿಸುತ್ತಾ ಕೂತಿದೆ;
ಸೇತುವೆ ಬಿದ್ದ ಸುದ್ದಿ ಅದಕ್ಕಿನ್ನೂ ತಲುಪಿಲ್ಲ.
ಬೆನ್ವೆಂತನ ತೊಡೆಯ ಮೇಲೆ ನನ್ನ ಫೈಲು,
ಅವನ ಬೆರಳು ಅದರ ದಾರ ಬಿಚ್ಚಿ ಕಟ್ಟುತ್ತದೆ,
ಬಿಚ್ಚಿ ಕಟ್ಟುತ್ತದೆ.
ಆ ಕೈಯಲ್ಲಿ ಒಂದು ಪಾವು ಇಟ್ಟೆ.

ಮುರಿದು ತಿಂದ. "ಹುಳಿ" ಎಂದ.
"ಹೌದು" ಎಂದೆ, "ನಿನ್ನೆ ರಾತ್ರಿ ನಾನು ಎತ್ತಿ ನೋಡಲಿಲ್ಲ."