ಯಾವ ಹುಲಿಗೆಮ್ಮ?

ಮಸ್ಕಿ ಆಸ್ಪತ್ರೆಯ ಹಿಂದಿನ ಕೋಣೆ.
ಕೂಲರಿಗೆ ನೀರು ಸುರಿದು ಬಂದು ಕೂತರೆ
ಪರದೆಯ ಮೇಲೆ ಕೆಂಪಕ್ಷರ:
ನಕಲು ದಾಖಲೆ. ಅಳಿಸಲೆ?

ಹುಲಿಗೆಮ್ಮ, ಗಂಡ ದುರುಗಪ್ಪ, ವಯಸ್ಸು ಇಪ್ಪತ್ತೈದು.
ಹುಲಿಗೆಮ್ಮ, ಗಂಡ ದುರುಗಪ್ಪ, ವಯಸ್ಸು ಇಪ್ಪತ್ತೈದು.
ಊರೂ ಒಂದೇ, ಓಣಿಯೂ.
ರಕ್ತ ಮಾತ್ರ ಬೇರೆ: ಹನ್ನೊಂದು. ಆರೂವರೆ.

ತಿಂಗಳ ಕೊನೆ. ಜಿಲ್ಲೆಯವರಿಗೆ ಶುದ್ಧ ಪಟ್ಟಿ ಬೇಕು.
ಹೌದು ಅಂತ ಒತ್ತಿದರೆ
ನಕ್ಷೆಯಲ್ಲಿ ನಮ್ಮ ತಾಲ್ಲೂಕು ಹಸಿರಾಗುತ್ತದೆ,
ಮಳೆ ಇಲ್ಲದೆಯೇ.

ಮೌಸಿನ ಮೇಲೆ ಬೆರಳಿಟ್ಟುಕೊಂಡೇ
ಆಶಾ ಶಾಹಿದಾಬಿಗೆ ಫೋನು ಹಚ್ಚಿದೆ.

"ಅಯ್ಯ, ಇಬ್ರು ಅದಾರ್ರೀ ಸರ.
ಹುಲಿಗ್ಯಾಗ ಹರಕಿ ಹೊತ್ತು ಹಡದೋರು
ಮಗಳಿಗೆ ಮತ್ತೇನಂತ ಕರೀಬೇಕು?
ದುರುಗಪ್ಪಗೋಳೂ ಇಬ್ರ.
ವಯಸ್ಸು ನಾನಾ ಬರದೀನಿ, ಮುಖ ನೋಡಿ.
ಒಬ್ಬಾಕಿ ಬಾವಿಮನಿ, ಇನ್ನೊಬ್ಬಾಕಿ ಹಂಚಿನಮನಿ.
ಆರೂವರಿ ಅಂದ್ರಲ್ಲ, ಅದು ಹಂಚಿನಮನಿ ಹುಡುಗೀದು.
ಎಂಟು ತುಂಬ್ಯಾವ ಆಕಿಗೆ."

ಮನೆತನಕ್ಕೆ ನಮ್ಮಲ್ಲಿ ಕಾಲಂ ಇಲ್ಲ.
ಪಿನ್‌ಕೋಡಿನ ಪಕ್ಕ, ಯಾರೂ ತುಂಬದ
'ಇತರೆ' ಎಂಬ ಖಾನೆಯಲ್ಲಿ ಬೆರಳಾಡಿಸಿದೆ.
ಹಂಚಿನಮ ತನಕ ಹಿಡಿಯಿತು,
ನಿ ಹೊರಗೆ ಬಿತ್ತು.

ಅಳಿಸಲೆ?
ಬೇಡ.
ತಾಲ್ಲೂಕು ಕೆಂಪಾಗಿಯೇ ಉಳಿಯಿತು.
ಸೋಮವಾರದ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕು,
ನಿಲ್ಲುತ್ತೇನೆ.

ಅಂಗಳದಲ್ಲಿ ಗಾಡಿ ಚಾಲೂ ಮಾಡಿ
ಕಿಟಕಿಗೆ ತಲೆ ತೂರಿಸಿ ಕೇಳಿದ ಡ್ರೈವರ್ ಮಾನಪ್ಪ:
ಯಾವ ಹುಲಿಗೆಮ್ಮ?

ಅಷ್ಟು ಸಾವಿರ ಸಾಲು ಬಡಿದಿದ್ದೇನೆ ಇಲ್ಲಿ,
ಯಾರೂ ಹೀಗೆ ಕೇಳಿರಲಿಲ್ಲ.

ತಿರುಗಿ ನೋಡಿದರೆ
ಪರದೆಯಲ್ಲಿ ಆಗಲೇ ಮೂವರು ದ್ಯಾವಮ್ಮಂದಿರು
ಸಾಲಾಗಿ ನಿಂತಿದ್ದರು.